ಎತ್ತಿನ ಡಬ್ಬಿಯಿಂದ ಹಿಡಿದು

ನಮ್ಮ ಆಯಿ ತೀರಿಕೊಳ್ಳುವ ತನಕವೂ ಮತ ಹಾಕುವುದಕ್ಕೆ 'ಚೀಟಿ ಹಾಕೂದು' ಅಂತಲೇ ಅನ್ನುತ್ತಿದ್ದಳು. ಮತಯಂತ್ರ ಬಂದ ಮೇಲೂ ಅಷ್ಟೇ. ಸಿಂದಗಿಯ ಶಾಲೆಯಿಂದ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತು, "ಮೊದಲನೇ ಸಲ ಎತ್ತಿನ ಡಬ್ಬಿಗಿ ಹಾಕಿದ್ದೆ ನೋಡಪಾ, ಆಗ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಇರ್ತಿತ್ತು" ಎನ್ನುತ್ತಿದ್ದಳು. ಬಹಳ ದಿನ ನಾನಿದನ್ನು ಮುದುಕಿಯ ಮರೆವು ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ತಪ್ಪು ತಿಳಿದವನು ನಾನೇ. 1951-52ರ ಮೊದಲ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಚೀಟಿಯ ಮೇಲೆ ಗುರುತು ಒತ್ತುವ ಕೆಲಸವೇ ಇರಲಿಲ್ಲ, ಬೇಕಾದ ಡಬ್ಬಿಯಲ್ಲಿ ಹಾಕಿ ಬಂದರೆ ಮುಗಿಯಿತು. ಕಾಂಗ್ರೆಸ್ಸಿನ ಚಿಹ್ನೆ ನೊಗ ಹೊತ್ತ ಜೋಡೆತ್ತು. ಎರಿ ಹೊಲದ ನಾಡಿನಲ್ಲಿ, ಎತ್ತನ್ನು ಮನೆಯ ಮಗನಂತೆ ಸಾಕುವವರ ಮುಂದೆ ಜೋಡೆತ್ತಿನ ಡಬ್ಬಿ ಇಟ್ಟರೆ ಬೇರೆ ಪ್ರಚಾರವಾದರೂ ಯಾಕೆ ಬೇಕು?

ಆಯಿ ಚೀಟಿ ಹಾಕಿದ ಕ್ಷೇತ್ರದ ಹೆಸರು 'ಬಿಜಾಪುರ ಉತ್ತರ'. ಆಗ ನಾವಿದ್ದದ್ದು ಮುಂಬಯಿ ರಾಜ್ಯದಲ್ಲಿ. ಗೆದ್ದವರು ಕಾಂಗ್ರೆಸ್ಸಿನ ರಾಜಾರಾಮ ಗಿರಿಧರಲಾಲ ದುಬೆ. ಉತ್ತರ ಹಿಂದೂಸ್ತಾನದ ಅಡ್ಡಹೆಸರಿನವರು ಭೀಮೆ-ಡೋಣಿಯ ಸೀಮೆಯಿಂದ ದಿಲ್ಲಿಗೆ ಹೋದ ಮೊದಲಿಗರು ಎಂಬುದು ಇವತ್ತಿನ ಲೆಕ್ಕಾಚಾರ ನೋಡುವವರಿಗೆ ವಿಚಿತ್ರ ಅನಿಸಬಹುದು. ಪಕ್ಕದ 'ಬಿಜಾಪುರ ದಕ್ಷಿಣ'ದಿಂದ ರಾಮಪ್ಪ ಬಾಳಪ್ಪ ಬಿದರಿ ಗೆದ್ದರು. ಆ ದಕ್ಷಿಣವೇ ಮುಂದೆ ಬಾಗಲಕೋಟೆ ಕ್ಷೇತ್ರವಾಯಿತು.

1956ರ ನವೆಂಬರ್ 1ಕ್ಕೆ ಏಕೀಕರಣವಾಯಿತು. ಕನ್ನಡಿಗರು ಒಂದಾದ ಸಂಭ್ರಮಕ್ಕೆ ಕಾಂಗ್ರೆಸ್ಸಿಗೆ ಬಾಗಿನ ಸಿಗಬೇಕಿತ್ತು, ಸಿಕ್ಕಿತು ಕೂಡ. 1957ರಲ್ಲಿ ಮೈಸೂರು ರಾಜ್ಯದ 26 ಸ್ಥಾನಗಳಲ್ಲಿ 23 ಅದಕ್ಕೇ ಬಂದವು. ಆದರೆ ಬಿಜಾಪುರ ಉತ್ತರ ಮಾತ್ರ ಮುರಿಗೆಪ್ಪ ಸಿದ್ದಪ್ಪ ಸುಗಂಧಿ ಎಂಬ ಪಕ್ಷೇತರರನ್ನು ಆರಿಸಿತು. ಐದು ವರ್ಷಕ್ಕೆ ಮತ್ತೆ ದುಬೆ. 1967ರಲ್ಲಿ 'ಉತ್ತರ' ಕಳಚಿ ಬರೀ ಬಿಜಾಪುರವಾದ ಕ್ಷೇತ್ರದಿಂದ ಗೆದ್ದವರು ರಾಜಾಜಿಯವರ ಸ್ವತಂತ್ರ ಪಕ್ಷದ ಜಿ. ಡಿ. ಪಾಟೀಲ, ಚಿಹ್ನೆ ನಕ್ಷತ್ರ. ಎತ್ತು ಬಿಟ್ಟು ಚಿಕ್ಕಿಗೆ ಹಾಕಿದರು ಜನ. ಸ್ವತಂತ್ರ ಪಕ್ಷ ಭೂಮಿಯ ಮೇಲೆ ಸರಕಾರದ ಕೈ ಬೀಳಬಾರದು ಎನ್ನುತ್ತಿದ್ದ ಪಕ್ಷ. ವಾಡೆಗಳು ಗಟ್ಟಿಯಾಗಿದ್ದ ಈ ಸೀಮೆಯಲ್ಲಿ ಅದಕ್ಕೆ ಕಿವಿ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಅಲ್ಲಿಂದ ಮುಂದೆ ಸ್ವಲ್ಪ ಕಾಲ ಸಪಾಟು ದಾರಿ. 1971ರಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ರಾಜ್ಯದ 27ಕ್ಕೆ 27 ಗೆದ್ದಾಗ ಇಲ್ಲಿ ಬಿ. ಇ. ಚೌಧರಿ. 1977ರಲ್ಲಿ ಉತ್ತರ ಭಾರತ ಇಂದಿರಾ ಅವರನ್ನು ಕೆಡವಿದರೂ ಕರ್ನಾಟಕ 28ರಲ್ಲಿ 26 ಕೊಟ್ಟಿತು, ಇಲ್ಲಿ ಕೆ. ಬಿ. ಚೌಧರಿ. 1980ರಲ್ಲೂ ಅವರೇ.

ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ವರ್ಷ 1984. ಅಕ್ಟೋಬರ್ ಕೊನೆಯ ದಿನ ಇಂದಿರಾ ಹತ್ಯೆಯಾಯಿತು, ಡಿಸೆಂಬರಿನಲ್ಲಿ ಚುನಾವಣೆ. ಇಡೀ ದೇಶವೇ ಕಣ್ಣೀರಿನಲ್ಲಿ ಮತ ಹಾಕಿತು. ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರವಿದ್ದರೂ ಕಾಂಗ್ರೆಸ್ 28ರಲ್ಲಿ 24 ಬಾಚಿತು. ಜನತಾ ಪಕ್ಷಕ್ಕೆ ಉಳಿದ ನಾಲ್ಕರಲ್ಲಿ ಒಂದು ನಮ್ಮದು. ಎಸ್. ಎಂ. ಗುರಡ್ಡಿ ಗೆದ್ದರು. ಆಯಿಯನ್ನು ಒಮ್ಮೆ ಕೇಳಿದ್ದೆ, ಆವಾಗ ಯಾರಿಗೆ ಹಾಕಿದ್ದಿ ಅಂತ. "ಇಂದಿರಮ್ಮಗ ಅತ್ತೀನಿ ಖರೆ. ಚೀಟಿ ಮಾತ್ರ ನಿಮ್ಮ ಮುತ್ಯಾ ಹೇಳಿದಲ್ಲೇ ಹಾಕೀನಿ" ಎಂದಳು. ಮುತ್ಯಾಗೆ ಹೇಳಿದವರು ಯಾರು ಎಂದು ಕೇಳಿದರೆ ನಕ್ಕು ಗೌಡರ ವಾಡೆಯ ಕಡೆ ಕೈ ಮಾಡಿದಳು.

ಆ ಕೈಯಲ್ಲೇ ಅರ್ಧ ಇತಿಹಾಸವಿತ್ತು. ಬಿಜಾಪುರ ಗಾಳಿಗೆ ಎದುರು ಈಜುವ ಕ್ಷೇತ್ರ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. 1957, 1967, 1984 ನೋಡಿದರೆ ಹಾಗೆ ಅನಿಸುವುದೂ ಸಹಜ. ನನಗೆ ಮಾತ್ರ ಅದನ್ನು ಪೂರಾ ಬಂಡಾಯ ಎನ್ನಲು ಬಾಯಿ ಬರುವುದಿಲ್ಲ. ಊರಿನ ದೊಡ್ಡ ಮನೆತನಗಳ ನಡುವಿನ ಸೆಣಸಾಟ, ಯಾವ ವಾಡೆ ಈ ಸಲ ಯಾವ ಪಕ್ಷದಲ್ಲಿದೆ ಎಂಬುದು ದಿಲ್ಲಿಯ ಗಾಳಿಗಿಂತ ಜೋರಾಗಿ ಬೀಸುತ್ತಿತ್ತು.

1989ರಲ್ಲಿ ಮತ್ತು 1991ರಲ್ಲಿ ಕಾಂಗ್ರೆಸ್ಸಿನ ಬಿ. ಕೆ. ಗುಡದಿನ್ನಿ. 1996ರಲ್ಲಿ ಜನತಾ ದಳದ ಬಸನಗೌಡ ರುದ್ರಗೌಡ ಪಾಟೀಲ. ದೇವೇಗೌಡರು ಪ್ರಧಾನಿಯಾದ ಲೋಕಸಭೆ ಅದು. ಸಿಂದಗಿಯವರಿಗೆ ದೇವೇಗೌಡರೆಂದರೆ ನೀರಿನ ನೆನಪು. ನಮ್ಮ ತಾಲ್ಲೂಕಿನ ಗೋಲಗೇರಿಯಲ್ಲಿ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಬದುಕಿರುವ ರಾಜಕಾರಣಿಗೆ ಪ್ರತಿಮೆ ಯಾಕೆ ಎಂದು ಹಳೇ ಮೈಸೂರಿನ ಗೆಳೆಯನೊಬ್ಬ ಕೇಳಿದ್ದ. ಬೇಸಿಗೆಯಲ್ಲಿ ಒಂದು ವಾರ ಇಲ್ಲಿ ಬಂದು ಇರು ಅಂದೆ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ, ರಾಷ್ಟ್ರಪತಿ ಕಲಾಂ ಅದನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವಿನ 42 ವರ್ಷಗಳಲ್ಲಿ ಎಷ್ಟು ಸಂಸದರು ಬಂದು ಹೋದರು ಎಂದು ಎಣಿಸಿದರೆ ನೀರಿನ ಮಾತು ಇಲ್ಲಿ ಯಾಕೆ ಕಣ್ಣೀರಿನ ಮಾತಾಗುತ್ತದೆ ಎಂದು ತಿಳಿಯುತ್ತದೆ.

1998ರಲ್ಲಿ ಕಾಂಗ್ರೆಸ್ಸಿನ ಎಂ. ಬಿ. ಪಾಟೀಲ. ಮರುವರ್ಷ ರಾಜ್ಯದಲ್ಲಿ ಕಾಂಗ್ರೆಸ್ 18 ಸ್ಥಾನ ಗೆದ್ದಾಗ ಇಲ್ಲಿ ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳ. 2004ರಲ್ಲೂ ಅವರೇ. ನಡುವೆ ವಾಜಪೇಯಿ ಸಂಪುಟದಲ್ಲಿ ರೈಲ್ವೆ ರಾಜ್ಯ ಸಚಿವರೂ ಆಗಿದ್ದರು. ಸಿಂದಗಿಗೆ ಇಂದಿಗೂ ರೈಲಿಲ್ಲ, ಅದು ಬೇರೆ ಮಾತು.

ಇಲ್ಲಿಗೆ ನಿಂತು ಒಂದು ಲೆಕ್ಕ ಮಾಡಿದೆ. 1952ರಿಂದ 2004ರವರೆಗೆ 14 ಸಾರ್ವತ್ರಿಕ ಚುನಾವಣೆ, ಹತ್ತು ಜನ ಗೆದ್ದವರು. ಅವರಲ್ಲಿ ನಾಲ್ವರ ಅಡ್ಡಹೆಸರು ಪಾಟೀಲ. ಎರಡು ಸಲ ಗೆದ್ದವರಿದ್ದಾರೆ, ಮೂರನೆಯ ಸಲ ಕ್ಷೇತ್ರ ಯಾರಿಗೂ ಕೊಟ್ಟಿಲ್ಲ. ಹೆಣ್ಣುಮಗಳು ಒಬ್ಬಳೂ ಇಲ್ಲ. ಆದಿಲ್‌ಶಾಹಿಯ ರಾಜಧಾನಿಯಾಗಿದ್ದ ಊರಿನಿಂದ ಒಬ್ಬ ಮುಸ್ಲಿಮರೂ ಇಲ್ಲ. 2024ಕ್ಕೂ ಈ ಎರಡು ಮಾತು ಬದಲಾಗಿಲ್ಲ.

ಬದಲಾದದ್ದು ಬೇರೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬಿಜಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಟಿಕೋಟಾ, ಹೂವಿನ ಹಿಪ್ಪರಗಿ, ಬಳ್ಳೊಳ್ಳಿ ಎಂಬ ವಿಧಾನಸಭಾ ಕ್ಷೇತ್ರಗಳು ಅಳಿಸಿಹೋಗಿ ಬಬಲೇಶ್ವರ, ದೇವರ ಹಿಪ್ಪರಗಿ, ನಾಗಠಾಣ ಹುಟ್ಟಿದವು. ಅದೇ ಹೊತ್ತಿಗೆ ಚಿಕ್ಕೋಡಿ ಸಾಮಾನ್ಯ ಕ್ಷೇತ್ರವಾಯಿತು. ಅಲ್ಲಿ ಮೂರು ಸಲ ಮೂರು ಬೇರೆ ಪಕ್ಷಗಳಿಂದ ಗೆದ್ದಿದ್ದ ರಮೇಶ ಜಿಗಜಿಣಗಿ ಸ್ವಂತ ಜಿಲ್ಲೆಗೆ ಮರಳಿದರು. 1983ರಲ್ಲಿ ಅವರು ಶಾಸಕರಾಗಿದ್ದು ಇದೇ ಬಳ್ಳೊಳ್ಳಿಯಿಂದ. 2009, 2014, 2019, 2024 — ನಾಲ್ಕೂ ಸಲ ಅವರೇ. ಮೂರನೆಯ ಅವಕಾಶವನ್ನೇ ಕೊಡದ ಕ್ಷೇತ್ರ ನಾಲ್ಕನೆಯದನ್ನೂ ಕೊಟ್ಟಿತು. 2019ರಲ್ಲಿ ಜೆಡಿಎಸ್‌ನ ಸುನೀತಾ ಚವ್ಹಾಣ ವಿರುದ್ಧ ಅಂತರ ಎರಡೂವರೆ ಲಕ್ಷ ದಾಟಿತ್ತು. 2024ರಲ್ಲಿ ಕಾಂಗ್ರೆಸ್ಸಿನ ರಾಜು ಆಲಗೂರ ಎದುರು ಅದು ಸುಮಾರು 77 ಸಾವಿರಕ್ಕೆ ಇಳಿಯಿತು. ವಿಶೇಷವೆಂದರೆ, ಒಂದು ವರ್ಷದ ಹಿಂದಷ್ಟೇ ಈ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರನ್ನು ಗೆದ್ದಿದ್ದು ಕಾಂಗ್ರೆಸ್. ಸಿಂದಗಿಯೂ ಅದರಲ್ಲೊಂದು.

ವಾಡೆಯವರಿಗೆ ವಿಧಾನಸಭೆ, ದಿಲ್ಲಿ ಮೋದಿಗೆ ಎಂದು ಚಹಾದಂಗಡಿಯಲ್ಲಿ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ಅಷ್ಟಕ್ಕೇ ಬಿಡಲಾರೆ. ತಾವು ನಿಲ್ಲಲಾಗದ ಚುನಾವಣೆಯಲ್ಲಿ ಪ್ರಬಲರಿಗೆ ಬೆವರು ಸುರಿಸುವ ಹಟ ಎಲ್ಲಿಂದ ಬರಬೇಕು? ತಮ್ಮೂರಿನ ಎದುರಾಳಿ ಸೋಲುವುದಿಲ್ಲ ಎಂದ ಮೇಲೆ ಲೋಕಸಭೆಯ ಗೆಲುವು ಅವರಿಗೆ ದೂರದ ಜಾತ್ರೆ.

ನನ್ನ ಜೊತೆ ಕಲಿತ ಗೆಳೆಯನ ಮನೆ ಕೇರಿಯಲ್ಲಿತ್ತು. ಕ್ಷೇತ್ರ ಮೀಸಲಾದ ವರ್ಷ ಅವನ ಅಪ್ಪನನ್ನು ಕಂಡು, "ಕಾಕಾ, ಈಗ ನಿಮ್ಮವರೇ ಎಂಪಿ ಆಗ್ತಾರಲ್ರೀ" ಅಂದೆ. ಒಳಗೊಳಗೆ ಉಪಕಾರ ಮಾಡಿದವನ ಧಾಟಿ ನನ್ನದು. ಅವರು ಬೀಡಿ ಆರಿಸಿ, "ಹೌದಪಾ ತಮ್ಮಾ, ನಮ್ಮ ಮನಿ ಮುಂದ ಈ ಸಲ ಕಾರು ನಿಂತಿತ್ತು. ಐವತ್ತು ವರ್ಷದಾಗ ಮೊದಲನೇ ಸಲ. ಆದರ ಗೌಡ್ರ ಮನ್ಯಾಗ ಚಹಾ ಕುಡದs ಬಂದಿದ್ರು" ಎಂದರು. ನಾನು ಸುಮ್ಮನಾದೆ. ಗೌಡರ ಕಟ್ಟೆಯ ಮೇಲೆ ಚಹಾ ಕುಡಿದು ಬೆಳೆದವರ ಮನೆಯವನು ನಾನೂ. ಆಯಿಯ ಚೀಟಿ ಎಲ್ಲಿ ಬೀಳಬೇಕೆಂದು ಅಲ್ಲೇ ನಿಶ್ಚಯವಾಗುತ್ತಿತ್ತು. ಹಾಗಿದ್ದರೂ ಕಾಕಾ ಆ ಕಾರಿನ ಮಾತು ಹೇಳುವಾಗ ಅವರ ದನಿಯಲ್ಲಿದ್ದ ಸಣ್ಣ ಏರನ್ನು ನಾನು ಮರೆತಿಲ್ಲ.

2026ರ ನಂತರದ ಜನಗಣತಿ ಆಧರಿಸಿ ಮತ್ತೆ ಮರುವಿಂಗಡಣೆಯ ಮಾತಿದೆ. ಕ್ಷೇತ್ರ 'ಬಿಡುಗಡೆ' ಆಗಬಹುದು ಎಂದು ಈಗಲೇ ಕೆಲವರು ಲೆಕ್ಕ ಹಾಕುತ್ತಿದ್ದಾರೆ. ಆ ಪದ ಕೇಳಿದಾಗಲೆಲ್ಲ ಕಾಕಾನ ಬೀಡಿ ನೆನಪಾಗುತ್ತದೆ.

2024ರ ಮೇ 7ರಂದು ನಾನು ಸಾಲಿನಲ್ಲಿ ನಿಂತಿದ್ದೆ. ಜಿಲ್ಲೆ ವಿಜಯಪುರವಾಗಿ ಹತ್ತು ವರ್ಷವಾಗುತ್ತ ಬಂದಿದ್ದರೂ ಆಯೋಗದ ಕಡತದಲ್ಲಿ ಕ್ಷೇತ್ರ ಇನ್ನೂ ಬಿಜಾಪುರವೇ. ಮುಂದೆ ನಿಂತ ಹುಡುಗ ಗೋವಾದಿಂದ ರಾತ್ರಿ ಬಸ್ಸಿಗೆ ಬಂದಿದ್ದ. ಕಟ್ಟಡದ ಕೆಲಸ, ಕೈಗೆ ಇನ್ನೂ ಸಿಮೆಂಟಿನ ಬಿರುಕು. ನಿನ್ನ ಓಣಿಯವರು ಎಷ್ಟು ಮಂದಿ ಬಂದಾರೋ ಎಂದು ಕೇಳಿದೆ. "ನಾವು ಇಬ್ಬರs ರೀ. ಉಳಿದವರಿಗೆ ಪಗಾರ ಮುರೀತದ" ಅಂದ. ಮತ ಹಾಕಿ ಹೊರಬಂದವನೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಮರುದಿನ ಅವನಿಗೆ ಸ್ಲ್ಯಾಬ್ ಹಾಕುವ ಕೆಲಸವಿತ್ತು.