ಮಾತಾಡದ ಕಾವಲುಗಾರ: ಕ್ರಾನ್ ನಡೆದು ಬಂದ ದಾರಿ

ನಮ್ಮ ಎಡಿಸನ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಮರ್ರೆ ಹಿಲ್ ಸಿಗುತ್ತೆ. ಮರಗಳ ನಡುವೆ ದೊಡ್ಡ ಕಟ್ಟಡ, ಅದೇ ಬೆಲ್ ಲ್ಯಾಬ್ಸ್. 1969ರಲ್ಲಿ ಯುನಿಕ್ಸ್ ಹುಟ್ಟಿದ್ದು ಇಲ್ಲೇ. ನ್ಯೂಜೆರ್ಸಿಗೆ ಬಂದು ನೆಲೆಸಿದ ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಒಲೆ ಉರಿಯುತ್ತಿರೋದು ಒಂದಲ್ಲ ಒಂದು ರೀತಿಯಲ್ಲಿ ಆ ಯುನಿಕ್ಸ್‌ನಿಂದಲೇ. ಅದರ ಒಂದು ಸಣ್ಣ ಭಾಗದ ಕಥೆ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಅದರ ಹೆಸರು ಕ್ರಾನ್. ಕಾಲಕ್ಕೆ ಗ್ರೀಕ್ ಭಾಷೆಯಲ್ಲಿರುವ 'ಕ್ರೋನೋಸ್' ಎಂಬ ಪದದಿಂದ ಬಂದ ಹೆಸರು.

ಐಟಿಯವರಲ್ಲದ ಓದುಗರಿಗೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಯಾರೂ ಎದುರಿಗೆ ಕೂತಿರದಿದ್ದರೂ ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವ ಪ್ರೋಗ್ರಾಮ್ ಅದು. ರಾತ್ರಿ ಎರಡಕ್ಕೆ ಬ್ಯಾಂಕಿನ ಲೆಕ್ಕ ಕೂಡಿಸೋದು, ನಾಲ್ಕಕ್ಕೆ ಬ್ಯಾಕಪ್ ತೆಗೆಯೋದು, ತಿಂಗಳ ಒಂದನೇ ತಾರೀಕು ಬಿಲ್ಲು ಕಳಿಸೋದು, ಇಂಥವೆಲ್ಲ ಅದರ ಪಾಲಿನವು.

1979ರಲ್ಲಿ ಹೊರಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿದ್ದ ಕ್ರಾನ್ ಬಹಳ ಸರಳ. ಇಡೀ ಯಂತ್ರಕ್ಕೆ 'ಕ್ರಾನ್‌ಟ್ಯಾಬ್' ಎಂಬ ಒಂದೇ ಒಂದು ಪಟ್ಟಿ. ಪ್ರತಿ ಸಾಲಿನಲ್ಲೂ ಮೊದಲು ಐದು ಅಂಕಣ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಆಮೇಲೆ ಮಾಡಬೇಕಾದ ಕೆಲಸ. '30 2 * * *' ಅಂದರೆ ದಿನಾ ರಾತ್ರಿ ಎರಡೂವರೆಗೆ. ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ಪಟ್ಟಿ ನೋಡುತ್ತಿತ್ತು, ಈಗ ಮಾಡಬೇಕಾದ್ದು ಇದ್ದರೆ ರೂಟ್‌ನ, ಅಂದರೆ ಯಂತ್ರದ ಯಜಮಾನನ, ಅಧಿಕಾರದಲ್ಲಿ ಅದನ್ನು ಓಡಿಸಿ ಮತ್ತೆ ಮಲಗುತ್ತಿತ್ತು. ಅಷ್ಟೇ.

ಒಬ್ಬ ಯಜಮಾನನಿಗೆ ಅಷ್ಟು ಸಾಕಿತ್ತು. ಆದರೆ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಒಂದೇ ವ್ಯಾಕ್ಸ್ ಯಂತ್ರವನ್ನು ನೂರು ಜನ ಹಂಚಿಕೊಂಡಿದ್ದರು. ಪ್ರತಿಯೊಬ್ಬರಿಗೂ ಅವರದೇ ಕ್ರಾನ್‌ಟ್ಯಾಬ್ ಕೊಡೋಣ ಅಂದರೆ, ನಿಮಿಷಕ್ಕೊಮ್ಮೆ ನೂರು ಪಟ್ಟಿ ತೆಗೆದು ನೋಡುವುದರಲ್ಲೇ ಯಂತ್ರ ಸುಸ್ತು. ರಾಬರ್ಟ್ ಬ್ರೌನ್ ಎಂಬಾತ ಆಗ ಓದುತ್ತಿದ್ದದ್ದು 1977ರಲ್ಲಿ ಫ್ರಾಂಟಾ ಮತ್ತು ಮಾಲಿ ಬರೆದಿದ್ದ ಒಂದು ಪ್ರಬಂಧ. ಅದಕ್ಕೂ ಕ್ರಾನ್‌ಗೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. ಸಿಮ್ಯುಲೇಶನ್‌ಗಳಲ್ಲಿ ಮುಂದೆ ನಡೆಯಬೇಕಾದ ಘಟನೆಗಳನ್ನು ಹೇಗೆ ಸಾಲಾಗಿ ಜೋಡಿಸಿಡೋದು ಅಂತ ಅದರ ವಿಷಯ. ಬ್ರೌನ್‌ಗೆ ಹೊಳೆದದ್ದು ಇದು: ಎಲ್ಲರ ಕೆಲಸಗಳನ್ನೂ ಒಂದೇ ಸಾಲಿನಲ್ಲಿ ಹೊತ್ತಿನ ಪ್ರಕಾರ ನಿಲ್ಲಿಸಿದರೆ, ಸಾಲಿನ ತಲೆಯಲ್ಲಿರೋದರ ಸಮಯ ಬರುವ ತನಕ ಕ್ರಾನ್ ನಿಶ್ಚಿಂತೆಯಿಂದ ಮಲಗಬಹುದಲ್ಲ! ಅದನ್ನು ಬಳಕೆಗೆ ಬರುವಂತೆ ಪೂರ್ತಿ ಮಾಡುವ ಕೆಲಸ ಆಗಷ್ಟೇ ಎಂಎಸ್‌ಗೆ ಸೇರಿದ್ದ ಕೀತ್ ವಿಲಿಯಮ್ಸನ್‌ಗೆ ಬಿತ್ತು. ಕೈ ಪಳಗಲಿ ಅಂತ ಹೊಸಬನಿಗೆ ಕೊಟ್ಟ ಕೆಲಸ ಅದು! 1979ರ ಕೊನೆಗೆ ಪರ್ಡ್ಯೂದಲ್ಲಿ ಅದು ಓಡತೊಡಗಿತು. ಇಲ್ಲಿಗೆ ಎಂಎಸ್ ಓದಲು ಬಂದ ನಮ್ಮ ಹುಡುಗರು ಈ ಭಾಗವನ್ನು ಇನ್ನೊಮ್ಮೆ ಓದಬಹುದು.

ವಿಲಿಯಮ್ಸನ್ ಓದು ಮುಗಿಸಿ ಕೆಲಸಕ್ಕೆ ಸೇರಿದ್ದು ಇದೇ ಮರ್ರೆ ಹಿಲ್‌ನಲ್ಲಿ. ಬರುವಾಗ ತನ್ನ ಕ್ರಾನನ್ನೂ ಹೊತ್ತು ತಂದ. ಇಲ್ಲಿ ಅದಕ್ಕೆ 'ಆ್ಯಟ್' ಎಂಬ ಇನ್ನೊಂದು ಆಜ್ಞೆ ಸೇರಿತು. ಒಂದೇ ಸಲ ಆಗಬೇಕಾದ ಕೆಲಸಗಳಿಗೆ ಅದು. ಪಟ್ಟಿಗಳನ್ನೆಲ್ಲ ಬಳಕೆದಾರರ ಮನೆಯಿಂದ, ಅಂದರೆ ಹೋಮ್ ಡೈರೆಕ್ಟರಿಯಿಂದ, ತೆಗೆದು ಒಂದೇ ಜಾಗಕ್ಕೆ ತಂದರು. ಸಿಸ್ಟಮ್ ಫೈವ್, ಸೊಲಾರಿಸ್, ಎಚ್‌ಪಿ-ಯುಎಕ್ಸ್‌ನಲ್ಲಿ ನಮ್ಮಂಥವರು ಕಂಡ ಕ್ರಾನ್ ಇದೇ. ಲಿನಕ್ಸ್‌ನಲ್ಲಿ ಕಾಣುವುದು ಪಾಲ್ ವಿಕ್ಸಿ 1987ರಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಕ್ರಾನ್, ಇಲ್ಲವೇ ಅದರ ಮಕ್ಕಳು ಮೊಮ್ಮಕ್ಕಳು. ರೆಡ್ ಹ್ಯಾಟ್ 2007ರಲ್ಲಿ ಕವಲೊಡೆಸಿದ 'ಕ್ರೋನಿ' ಅಂಥದ್ದೊಂದು.

ಇಷ್ಟು ವಂಶಾವಳಿ. ನನಗೆ ಹೇಳಬೇಕಿರೋದು ಈ ವಂಶದ ಒಂದು ಗುಣದ ಬಗ್ಗೆ.

ಕ್ರಾನ್ ಓಡಿಸಿದ ಕೆಲಸ ಏನಾದರೂ ಮಾತಾಡಿದರೆ, ಅಂದರೆ ಪರದೆಯ ಮೇಲೆ ಬರಬೇಕಾದ ಅಕ್ಷರ ಏನಾದರೂ ಇದ್ದರೆ, ಅದನ್ನು ಪಟ್ಟಿಯ ಒಡೆಯನಿಗೆ ಮೇಲ್ ಮಾಡುತ್ತೆ. ಮಾತಾಡದಿದ್ದರೆ ಸುಮ್ಮನಿರುತ್ತೆ. ಕೆಲಸ ಆಯಿತೋ ಕೆಟ್ಟಿತೋ ಅನ್ನೋದು ಅದಕ್ಕೆ ಲೆಕ್ಕವಿಲ್ಲ, ಮಾತಾಡಿತೋ ಇಲ್ಲವೋ ಅನ್ನೋದೇ ಲೆಕ್ಕ. ಎಂಬತ್ತರ ದಶಕದಲ್ಲಿ ಇದು ಸರಿಯಾಗೇ ಇತ್ತು. ಯಂತ್ರ ನೋಡಿಕೊಳ್ಳುವವನು ಬೆಳಿಗ್ಗೆ ಬಂದು ಕೂತು ಅದೇ ಯಂತ್ರದಲ್ಲಿ ಮೇಲ್ ಓದುತ್ತಿದ್ದ. ಆಮೇಲೆ ಒಬ್ಬೊಬ್ಬನ ಕೈಗೆ ನೂರು, ಸಾವಿರ ಯಂತ್ರ ಬಂತು. ದಿನಕ್ಕೆ ನೂರು ಮೇಲ್ ಬಂದರೆ ಯಾರು ಓದುತ್ತಾರೆ? ಸಾಲಿನ ಕೊನೆಗೆ 'ಡೆವ್ ನಲ್' ಅಂತ ಬರೆದು ಬಾಯಿ ಮುಚ್ಚಿಸುವ ಅಭ್ಯಾಸ ಶುರುವಾಯಿತು. ನಾನೂ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅದರ ಫಲವನ್ನೂ ಉಂಡಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಶನಿವಾರ ಸಂಜೆ ಒಂದು ಡಿಸ್ಕ್ ಹೋಯಿತು. ಬ್ಯಾಕಪ್ ಇದೆಯಲ್ಲ ಅಂತ ಧೈರ್ಯವಾಗಿ ನೋಡಿದರೆ ಕೊನೆಯ ಬ್ಯಾಕಪ್ ಏಳು ವಾರ ಹಳೆಯದು. ಏಳು ವಾರದ ಹಿಂದೆ ಯಾರೋ ಬ್ಯಾಕಪ್ ಪ್ರೋಗ್ರಾಮನ್ನು ಬೇರೆ ಡೈರೆಕ್ಟರಿಗೆ ಸಾಗಿಸಿದ್ದರು. ನಾವು ಕೈಯಲ್ಲಿ ಓಡಿಸಿದರೆ ಸಿಗುತ್ತಿತ್ತು. ಆದರೆ ಕ್ರಾನ್ ಕೊಡುವ 'ಪಾತ್'ನಲ್ಲಿ, ಅಂದರೆ ಪ್ರೋಗ್ರಾಮ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯಲ್ಲಿ, ಇರೋದು ಎರಡೋ ಮೂರೋ ಹೆಸರು. ಅಲ್ಲಿ ಆ ಡೈರೆಕ್ಟರಿ ಇರಲಿಲ್ಲ. ಪಾಪ, ಕ್ರಾನ್ ದಿನಾ ರಾತ್ರಿ ಮೇಲ್ ಬರೆದಿತ್ತು. ಅದು ಹೋಗುತ್ತಿದ್ದದ್ದು ಕೆಲಸ ಬಿಟ್ಟು ವರ್ಷವಾಗಿದ್ದ ಒಬ್ಬರ ಪೆಟ್ಟಿಗೆಗೆ. ಆ ಭಾನುವಾರ ಮಗಳ ಹುಟ್ಟುಹಬ್ಬಕ್ಕೆ ನಾನು ಫೋನಿನಲ್ಲೇ ಹಾಡಿದ್ದು.

ನಮ್ಮ ಕಥೆ ಹಾಗಿರಲಿ, ಊರಿಗೆಲ್ಲ ಗೊತ್ತಾದ ಕಥೆ ಗಿಟ್‌ಲ್ಯಾಬ್ ಕಂಪನಿಯದು. 2017ರ ಜನವರಿ 31ರ ರಾತ್ರಿ ಅಲ್ಲಿನ ಒಬ್ಬ ಎಂಜಿನಿಯರ್, ದಣಿದಿದ್ದ ಹೊತ್ತಿನಲ್ಲಿ, ಎರಡನೇ ಡೇಟಾಬೇಸ್ ಯಂತ್ರ ಅಂದುಕೊಂಡು ಮುಖ್ಯ ಯಂತ್ರದ ಡೇಟಾ ಅಳಿಸತೊಡಗಿದ. ಒಂದೆರಡು ಕ್ಷಣದಲ್ಲೇ ತಪ್ಪು ತಿಳಿದು ನಿಲ್ಲಿಸಿದರೂ ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ಹುಡುಕಿದರೆ, ದಿನಾ ಕ್ರಾನ್ ಮೂಲಕ ತೆಗೆದು ಅಮೆಜಾನ್ ಎಸ್3ಗೆ ಕಳಿಸಬೇಕಿದ್ದ ಬ್ಯಾಕಪ್‌ಗಳ ಜಾಗ ಖಾಲಿ! ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುತ್ತಿದ್ದ ಉಪಕರಣ 9.2ರದು. ಎರಡಕ್ಕೂ ಹೊಂದಾಣಿಕೆಯಾಗದೆ ಕೆಲಸ ಪ್ರತಿಸಲ ಸೋಲುತ್ತಿತ್ತು. ಸೋತೆ ಅಂತ ಕ್ರಾನ್ ಮೇಲ್ ಕೂಡ ಕಳಿಸುತ್ತಿತ್ತು. ಆದರೆ ನಕಲಿ ಮೇಲ್ ತಡೆಯುವ ಡಿಮಾರ್ಕ್ ನಿಯಮದ ಪ್ರಕಾರ ಅವಕ್ಕೆ ಸಹಿ ಇಲ್ಲದ್ದರಿಂದ ಮೇಲ್ ಸರ್ವರ್ ಅವುಗಳನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಅವರನ್ನು ಉಳಿಸಿದ್ದು, ಬೇರೆ ಯಾವುದೋ ಕೆಲಸಕ್ಕೆ ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ನಕಲು. ಅದನ್ನು ನಿಧಾನದ ಡಿಸ್ಕಿನಿಂದ ತಿರುಗಿ ತರಲು ಸುಮಾರು 18 ಗಂಟೆ ಹಿಡಿಯಿತು. ನಡುವಿನ ಆರು ಗಂಟೆಯ ಡೇಟಾ, ಅಂದರೆ ಸುಮಾರು 5,000 ಪ್ರಾಜೆಕ್ಟ್, ಅಷ್ಟೇ ಕಾಮೆಂಟ್, 700 ಹೊಸ ಖಾತೆ, ಅದರ ಪೆಟ್ಟಿಗೆ ಸಿಕ್ಕಿತು. ಮೆಚ್ಚಬೇಕಾದ್ದು ಒಂದು: ಆ ಕಂಪನಿ ಏನನ್ನೂ ಮುಚ್ಚಿಡಲಿಲ್ಲ. ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು, ಕಾರಣಗಳನ್ನು ಬಿಡಿಬಿಡಿಯಾಗಿ ಬರೆದು ಪ್ರಕಟಿಸಿತು. ನಾನು ಇಲ್ಲಿ ಹೇಳಲು ಸಾಧ್ಯವಾದದ್ದೂ ಅದರಿಂದಲೇ.

ಎರಡು ಕಡೆಯೂ ಕ್ರಾನ್ ತಪ್ಪು ಮಾಡಿರಲಿಲ್ಲ ನೋಡಿ. ಮೇಲ್ ಬರದಿದ್ದರೆ ಎಲ್ಲ ಸರಿಯಾಗಿದೆ ಅಂತ ನಾವು ನಂಬಿದ್ದೆವು, ಅಷ್ಟೇ. ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿ ರಾತ್ರಿ ಗೂರ್ಖಾ ಬರುತ್ತಿದ್ದ. ದೀಪದ ಕಂಬಕ್ಕೆ ಕೋಲಿನಿಂದ ಟಣ್ ಅಂತ ಹೊಡೆದು ಸೀಟಿ ಊದಿ ಹೋಗುತ್ತಿದ್ದ. ಕಳ್ಳ ಬಂದರೆ ಮಾತ್ರ ಊದುತ್ತೇನೆ ಅಂತ ಅವನು ಅಂದಿದ್ದರೆ, ಅವನು ಎಚ್ಚರವಿದ್ದಾನೋ ಮಲಗಿದ್ದಾನೋ ನಮಗೆ ಹೇಗೆ ಗೊತ್ತಾಗಬೇಕು? ಸದ್ದು ಕೇಳದ ರಾತ್ರಿ ಅಜ್ಜಿ ಎದ್ದು ಚಿಲಕ ನೋಡಿ ಬರುತ್ತಿದ್ದರು.

ಕ್ರಾನ್‌ಗೆ ಈ ಸೀಟಿ ಬಂದದ್ದು ಬಹಳ ತಡವಾಗಿ. ಕೆಲಸ ಸರಿಯಾಗಿ ಮುಗಿದಾಗಲೆಲ್ಲ ಅದು ಹೊರಗಿನ ಒಂದು ವಿಳಾಸಕ್ಕೆ 'ಮುಗೀತು' ಅಂತ ಸಣ್ಣ ಸುದ್ದಿ ಕಳಿಸಬೇಕು. ಹೇಳಿದ ಹೊತ್ತಿಗೆ ಸುದ್ದಿ ಬರದಿದ್ದರೆ ಆ ಕಡೆಯವರು ನಮ್ಮನ್ನು ಎಬ್ಬಿಸುತ್ತಾರೆ. 2015ರಲ್ಲಿ ಶುರುವಾದ ಹೆಲ್ತ್‌ಚೆಕ್ಸ್ ಮುಂತಾದ ಸೇವೆಗಳು ಮಾಡುವುದು ಇಷ್ಟನ್ನೇ. ಯಂತ್ರವೇ ಸತ್ತುಹೋದರೂ, ಕ್ರಾನ್ ನಿಂತುಹೋದರೂ, ಯಾರೋ ಪಟ್ಟಿಯನ್ನೇ ಅಳಿಸಿದರೂ ಗೊತ್ತಾಗುತ್ತೆ. ಪಟ್ಟಿ ಅಳಿಸೋದು ಸುಲಭ ಕೂಡ: ಕ್ರಾನ್‌ಟ್ಯಾಬ್ ತಿದ್ದಲು ಒತ್ತಬೇಕಾದ 'ಇ', ಕಿತ್ತುಹಾಕಲು ಒತ್ತುವ 'ಆರ್', ಕೀಬೋರ್ಡಿನಲ್ಲಿ ಅಕ್ಕಪಕ್ಕ.

ಗಡಿಯಾರದ ಕಾಟ ಬೇರೆ ಇದೆ, ಅದು ಈ ದೇಶಕ್ಕೆ ಬಂದ ಮೇಲೇ ನಮಗೆ ಗೊತ್ತಾದದ್ದು. ಮಾರ್ಚ್‌ನ ಎರಡನೇ ಭಾನುವಾರ ಇಲ್ಲಿ ರಾತ್ರಿ ಎರಡೂವರೆ ಅನ್ನೋ ಹೊತ್ತೇ ಇರಲ್ಲ. ನವೆಂಬರ್‌ನ ಮೊದಲ ಭಾನುವಾರ ಒಂದೂವರೆ ಎರಡು ಸಲ ಬರುತ್ತೆ. ವಿಕ್ಸಿ ಕ್ರಾನ್‌ನ ಹೊಸ ಪೀಳಿಗೆಗಳು ಇದನ್ನು ತಕ್ಕಮಟ್ಟಿಗೆ ಸಂಭಾಳಿಸುತ್ತವೆ, ಆದರೂ ಅನುಭವಸ್ಥರು ರಾತ್ರಿ ಒಂದರಿಂದ ಮೂರರ ನಡುವೆ ಏನೂ ಇಡಲ್ಲ, ಇಲ್ಲವೇ ಯಂತ್ರವನ್ನೇ ಯುಟಿಸಿಯಲ್ಲಿ ಓಡಿಸುತ್ತಾರೆ. ಹಾಗೆ ಮಾಡಿದರೆ ನಡುರಾತ್ರಿಯ ಕೆಲಸ ಬೆಂಗಳೂರಿನಲ್ಲಿ ಬೆಳಿಗ್ಗೆ ಐದೂವರೆಗೆ ಓಡುತ್ತೆ, ಇಲ್ಲಿ ಚಳಿಗಾಲದಲ್ಲಿ ಸಂಜೆ ಏಳಕ್ಕೆ, ಬೇಸಿಗೆಯಲ್ಲಿ ಎಂಟಕ್ಕೆ. ಸರಿಯಾಗಿ ಊಟದ ಹೊತ್ತು.

ಈಗಿನ ಹುಡುಗರು ಕ್ರಾನ್ ಹಳೇದಾಯ್ತು ಅಂಕಲ್, ಈಗೆಲ್ಲ ಸಿಸ್ಟಮ್‌ಡಿ ಟೈಮರ್, ಕುಬರ್ನೆಟಿಸ್ ಅನ್ನುತ್ತಾರೆ. ಆಗಲಿ. ಕುಬರ್ನೆಟಿಸ್‌ನಲ್ಲೂ ಆ ಸೌಲಭ್ಯದ ಹೆಸರು ಕ್ರಾನ್‌ಜಾಬ್ ಅಂತಲೇ, 2021ರಲ್ಲಿ ಅದು ಪೂರ್ಣ ಸ್ಥಿರವಾದಾಗಲೂ ಹೊತ್ತು ಬರೆಯುವ ಕ್ರಮ ಅದೇ ಐದು ಅಂಕಣ. ಅದರ ಕೈಪಿಡಿಯಲ್ಲಿ ಒಂದು ಎಚ್ಚರಿಕೆಯೂ ಇದೆ: ಒಂದು ಕೆಲಸ ಕೆಲವೊಮ್ಮೆ ಎರಡು ಸಲ ಶುರುವಾಗಬಹುದು, ಕೆಲವೊಮ್ಮೆ ಶುರುವಾಗದೆಯೂ ಇರಬಹುದು, ಎರಡು ಸಲ ಓಡಿದರೂ ಕೆಡದ ಹಾಗೆ ನೀವೇ ಬರೆದುಕೊಳ್ಳಿ ಅಂತ.