ಮೆಹರ್ ಸಿಂಗ್, ಏರ್ ಕಮೋಡೋರ್

ಮೆಹರ್ ಸಿಂಗ್ (1915-1952): ಭಾರತೀಯ ವಾಯುಪಡೆಯ ಹಿರಿಯ ಅಧಿಕಾರಿ. ಪಡೆಯೊಳಗೆ ಮೆಹರ್ ಬಾಬಾ ಎಂದೇ ಪ್ರಸಿದ್ಧರು. 1947-48ರ ಕಾಶ್ಮೀರ ಯುದ್ಧದಲ್ಲಿ ಪೂಂಛ್ ಹಾಗೂ ಲೇಹ್‌ಗಳಿಗೆ ವಾಯುಮಾರ್ಗ ತೆರೆದದ್ದು ಇವರ ಮುಖ್ಯ ಸಾಧನೆ.

ಹುಟ್ಟಿದ್ದು ಅವಿಭಜಿತ ಪಂಜಾಬಿನ ಲಾಯಲ್‌ಪುರ ಜಿಲ್ಲೆಯಲ್ಲಿ. ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿ ತರಬೇತಿ ಮುಗಿಸಿ 1936ರಲ್ಲಿ ಅಧಿಕಾರಿಯಾದರು. ಆಗ ವಾಯುಪಡೆಯಲ್ಲಿದ್ದುದು ಒಂದೇ ಸ್ಕ್ವಾಡ್ರನ್. ಅದರ ವಾಪಿಟಿ ವಿಮಾನಗಳಲ್ಲಿ ವಾಯವ್ಯ ಗಡಿಯ ಬುಡಕಟ್ಟು ಪ್ರದೇಶದ ಮೇಲೆ ಹಾರಾಡಿದರು.

1942ರ ಕೊನೆಯಲ್ಲಿ ತಿರುಚಿರಾಪಳ್ಳಿಯಲ್ಲಿ ಆರಂಭವಾದ 6ನೇ ಸ್ಕ್ವಾಡ್ರನ್ನಿಗೆ ಇವರೇ ನಾಯಕರು. ಹರಿಕೇನ್ ವಿಮಾನಗಳ ಈ ತಂಡ ಬರ್ಮಾದ ಅರಾಕಾನ್ ರಣರಂಗದಲ್ಲಿ ಜಪಾನಿ ನೆಲೆಗಳ ಛಾಯಾಚಿತ್ರ ತೆಗೆದು, ಹದಿನಾಲ್ಕನೇ ಸೈನ್ಯದ ಕಣ್ಣು ಎಂಬ ಹೆಸರು ಗಳಿಸಿತು. ಇದಕ್ಕಾಗಿ 1944ರಲ್ಲಿ ಮೆಹರ್ ಸಿಂಗ್ ಡಿ.ಎಸ್.ಒ. (ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್) ಪದಕ ಪಡೆದರು. ಭಾರತೀಯ ವಾಯುಪಡೆಯಲ್ಲಿ ಇದು ದೊರೆತದ್ದು ಇವರೊಬ್ಬರಿಗೇ.

ಸ್ವಾತಂತ್ರ್ಯಾನಂತರ ಜಮ್ಮು ಮತ್ತು ಕಾಶ್ಮೀರದ ವಾಯು ಕಾರ್ಯಾಚರಣೆಯ ಹೊಣೆ ಇವರಿಗೆ ಬಂತು. ಪೂಂಛ್ ಪಟ್ಟಣ ಮುತ್ತಿಗೆಗೆ ಸಿಕ್ಕಿ, ಒಳಗೆ ಸೈನಿಕರ ಜೊತೆ ಸಾವಿರಾರು ನಿರಾಶ್ರಿತರು ಉಳಿದಿದ್ದರು. ಅಲ್ಲಿನ ಪಡೆಯ ನಾಯಕ ಬ್ರಿಗೇಡಿಯರ್ ಪ್ರೀತಂ ಸಿಂಗರ ನೇತೃತ್ವದಲ್ಲಿ ಒಳಗಿದ್ದವರೇ ದುಡಿದು ಒಂದು ಕಿರು ಓಡುಹಾದಿ ಸಿದ್ಧಪಡಿಸಿದರು. 1947ರ ಡಿಸೆಂಬರಿನಲ್ಲಿ ಅದರ ಮೇಲೆ ಮೊದಲು ಇಳಿದವರು ಮೆಹರ್ ಸಿಂಗ್. ಆಮೇಲೆ ಡಕೋಟಾ ಸಾಗಾಟ ವಿಮಾನಗಳು ಧಾನ್ಯ, ಮದ್ದುಗುಂಡು, ಪರ್ವತ ಫಿರಂಗಿಗಳನ್ನು ತಂದವು. ಹಿಂದಿರುಗುವಾಗ ಗಾಯಾಳುಗಳನ್ನೂ ನಿರಾಶ್ರಿತರನ್ನೂ ಒಯ್ದವು. ಎಣ್ಣೆದೀಪಗಳ ಬೆಳಕಿನಲ್ಲಿ ರಾತ್ರಿ ಇಳಿದದ್ದೂ ಉಂಟು. ಮುತ್ತಿಗೆ 1948ರ ನವೆಂಬರಿನಲ್ಲಿ ಮುರಿಯಿತು.

ಲೇಹ್‌ನ ಸಮಸ್ಯೆ ಬೇರೆ ಬಗೆಯದು. 1948ರ ಮೇ ತಿಂಗಳಲ್ಲಿ ಕಾರ್ಗಿಲ್ ಕೈತಪ್ಪಿದಾಗ ಶ್ರೀನಗರದಿಂದ ಲಡಾಖಿಗಿದ್ದ ದಾರಿ ಕಡಿಯಿತು. ಲಡಾಖಿ ಎಂಜಿನಿಯರ್ ಸೋನಂ ನೋರ್ಬು ಸ್ಥಳೀಯರ ನೆರವಿನಿಂದ ಸಿಂಧೂ ನದಿಯ ಬಳಿ ಓಡುಹಾದಿಯೊಂದನ್ನು ಆಗಲೇ ಸಿದ್ಧಪಡಿಸಿದ್ದರು. ಆದರೆ ಆ ಸ್ಥಳ ಸಮುದ್ರಮಟ್ಟದಿಂದ ಸುಮಾರು 3,250 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಶೇ. 72ರಷ್ಟು ಮಾತ್ರ. ಇಂಥ ತೆಳುಗಾಳಿಯಲ್ಲಿ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಬೇಕಾದರೆ ಅದು ಶೇ. 18ರಷ್ಟು ಹೆಚ್ಚು ವೇಗದಲ್ಲಿ ಸಾಗಬೇಕು. ವೇಗಮಾಪಕ ಗಾಳಿಯ ಒತ್ತಡವನ್ನು ಅಳೆಯುವುದರಿಂದ ಈ ಹೆಚ್ಚಳವನ್ನು ತೋರಿಸುವುದಿಲ್ಲ. ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಂದರೆ ಇಳಿದ ಮೇಲಿನ ಓಟ ಶೇ. 40ರ ಹತ್ತಿರ ಉದ್ದವಾಗುತ್ತದೆ. ಬಿಸಿಲೇರಿದಂತೆ ಗಾಳಿ ಇನ್ನೂ ತೆಳುವಾಗುತ್ತದೆ. ಎಂಜಿನ್ ಶಕ್ತಿಯೂ ಅಲ್ಲಿ ಕುಗ್ಗುವುದರಿಂದ, ಇಳಿಯುವುದು ತಪ್ಪಿದರೆ ಕಣಿವೆಯೊಳಗೆ ಮತ್ತೆ ಮೇಲೇರುವುದು ಕಷ್ಟ. ಡಕೋಟಾಕ್ಕೆ ಒತ್ತಡ ಕಾಯ್ದುಕೊಳ್ಳುವ ಕೋಣೆಯೂ ಇರಲಿಲ್ಲ.

ಇಷ್ಟೆಲ್ಲ ತಿಳಿದೂ ಮೆಹರ್ ಸಿಂಗ್ ಈ ಕೆಲಸವನ್ನು ಕೈಕೆಳಗಿನವರಿಗೆ ಬಿಡಲಿಲ್ಲ. 1948ರ ಮೇ 24ರಂದು ತಾವೇ ಡಕೋಟಾ ನಡೆಸಿ ಲೇಹ್‌ನಲ್ಲಿ ಇಳಿಸಿದರು. ಜೊತೆಯಲ್ಲಿದ್ದವರು ಆ ಭಾಗದ ಸೇನಾ ಡಿವಿಷನ್ನಿನ ಮುಖ್ಯಸ್ಥ, ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಆ ದಿನ 23-24 ಸಾವಿರ ಅಡಿ ಎತ್ತರದಲ್ಲಿ ಹಾರಿದರೆಂಬ ಮಾತು ಹಲವು ಕಥನಗಳಲ್ಲಿದೆ. ಆದರೆ ಡಕೋಟಾದ ಎತ್ತರದ ಮಿತಿಯೇ ಆ ಆಸುಪಾಸಿನದು. ಹಾಗಾಗಿ ಆ ಅಂಕಿ ಬಹುಶಃ ಶಿಖರಗಳ ಎತ್ತರವೇ ಹೊರತು ವಿಮಾನದ್ದಲ್ಲ ಎಂದು ಭಾವಿಸುವುದು ಹೆಚ್ಚು ಯುಕ್ತ. ಇದರಿಂದ ಸಾಹಸದ ತೂಕವೇನೂ ತಗ್ಗುವುದಿಲ್ಲ. ಕೆಲವೇ ದಿನಗಳಲ್ಲಿ ಗೂರ್ಖಾ ಸೈನಿಕರು ಅದೇ ಮಾರ್ಗವಾಗಿ ಬಂದಿಳಿದರು, ಲೇಹ್ ಉಳಿಯಿತು.

ಮೇಲಧಿಕಾರಿಗಳೊಡನೆ ಭಿನ್ನಾಭಿಪ್ರಾಯ ಬೆಳೆದು, ಮೆಹರ್ ಸಿಂಗ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಮಹಾವೀರ ಚಕ್ರ ಪಡೆದ ಇವರು 1952ರ ಮಾರ್ಚ್‌ನಲ್ಲಿ ಜಮ್ಮುವಿನಿಂದ ದೆಹಲಿಗೆ ಹಾರುತ್ತಿದ್ದಾಗ ಬಿರುಗಾಳಿಗೆ ಸಿಕ್ಕಿ ಮೃತಪಟ್ಟರು. ಕಾಶ್ಮೀರ ಯುದ್ಧದ ವಾಯುಚರಿತ್ರೆಯಲ್ಲಿ ಫೈಟರ್ ದಾಳಿಗಳಿಗೆ ಸಲ್ಲುವ ಗಮನ ಈ ಸಾಗಾಟಕ್ಕೆ ಸಂದಿಲ್ಲ. ಆದರೆ ನಕ್ಷೆಯನ್ನು ಹೆಚ್ಚು ಬದಲಿಸಿದ್ದು ಸಾಗಾಟವೇ. ಪರಿಹಾರ ಸಾಮಗ್ರಿ ಒಯ್ಯುವ ಡ್ರೋನ್ ಸಮೂಹಗಳ ಅಭಿವೃದ್ಧಿಗೆಂದು 2018ರಲ್ಲಿ ವಾಯುಪಡೆ ಘೋಷಿಸಿದ ಸ್ಪರ್ಧೆಗೆ ಮೆಹರ್ ಬಾಬಾ ಹೆಸರನ್ನಿಡಲಾಗಿದೆ.