ಸುರಪುರದ ‘ಅಪ್ಪಾ’

ಶಹಾಪುರದ ಮನೆಯ ಪಡಸಾಲೆಯಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡುವ ತರುಣರು ಈಗ ನಮ್ಮ ಭಾಗದಲ್ಲಿಯೂ ಇದ್ದಾರೆ. ಮೇಲಧಿಕಾರಿಯ ಮುಖ ಕಾಣುವುದು ಎಂದೋ ಒಮ್ಮೆ. ಅಪ್ಪಣೆ, ಒಪ್ಪಿಗೆ, ಗದರಿಕೆ ಎಲ್ಲವೂ ದೂರದಿಂದಲೇ. ಇದು ಹಿಂದೆಂದೂ ಇಲ್ಲದ ವ್ಯವಸ್ಥೆಯೆಂದು ಹೇಳುವವರುಂಟು. ಅಂಥವರು ಒಮ್ಮೆ ಸುರಪುರದ ಗುಡ್ಡವನ್ನೇರಿ ಅಲ್ಲಿಯ ಟೇಲರ್ ಮಂಜಿಲನ್ನು ನೋಡಬೇಕು. ದೂರದ ಕಚೇರಿಯೊಂದರ ಕೈಕೆಳಗೆ, ಜೊತೆಗಾರರಿಲ್ಲದೆ, ಒಬ್ಬನು ಒಂದು ಸಂಸ್ಥಾನವನ್ನೇ ನಡೆಸಿದ ಸ್ಥಳವದು.

ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದದ್ದು 1841ರ ಕೊನೆಗೆ. ನಿಜಾಮನ ಸೈನ್ಯದ ನೌಕರ. ಠಕ್ಕರನ್ನು ಕುರಿತ ಅವನ ಕಾದಂಬರಿ 1839ರಲ್ಲಿಯೇ ಪ್ರಕಟವಾಗಿ ಇಂಗ್ಲೆಂಡಿನಲ್ಲಿ ಹೆಸರು ತಂದಿತ್ತು. ಇಲ್ಲಿ ಅವನಿಗೆ ಕಾದಿದ್ದುದು ಬೇರೆಯೇ ಕಥೆ. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಿದ್ದ. ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ರಾಜನ ಚಿಕ್ಕಪ್ಪ ಪಿಡ್ಡನಾಯಕ ಇನ್ನೊಂದು ಕಡೆ; ನಡುವೆ ಯಾರ ಮಾತಿಗೂ ಸುಲಭವಾಗಿ ಬಗ್ಗದ ಸಾವಿರಾರು ಬೇಡರ ಪಡೆ. ಟೇಲರನ ಮೇಲಧಿಕಾರಿ ರೆಸಿಡೆಂಟ್ ಫ್ರೇಜರ್ ಹೈದರಾಬಾದಿನಲ್ಲಿ. ಅವನ ಮೇಲಿನ ಗವರ್ನರ್ ಜನರಲ್ ಕಲಕತ್ತೆಯಲ್ಲಿ. ಅವರೆಲ್ಲರ ಮೇಲಿನ ಕಂಪನಿಯ ನಿರ್ದೇಶಕರು ಲಂಡನ್ನಿನಲ್ಲಿ. ಟಪಾಲು ಹೋಗಿ ಉತ್ತರ ಬರುವಷ್ಟರಲ್ಲಿ ಸುರಪುರದ ಜಗಳವೊಂದು ಹುಟ್ಟಿ, ಬೆಳೆದು, ಮುಗಿದೂ ಹೋಗಬಹುದಾಗಿತ್ತು. ಆದಕಾರಣ ಟೇಲರ್ ಮೊದಲು ಮಾಡಿ ಆಮೇಲೆ ಬರೆಯುವುದನ್ನು ಕಲಿತ. ಮೇಲಿನವರು ಅದಕ್ಕೆ ಅಡ್ಡ ಬಾರದಿದ್ದುದು ಅವನ ಪುಣ್ಯ. ದೂರದಿಂದ ಆಳುವವನಲ್ಲಿ ಇರಬೇಕಾದ ಮೊದಲ ಗುಣ, ಬಾಯಿ ಕಟ್ಟಿಕೊಳ್ಳುವುದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಆದರೆ ಟೇಲರ್ ತನ್ನ ಕೆಳಗಿನವರನ್ನು ದೂರದಿಂದ ಆಳಲಿಲ್ಲ. ಡೇರೆ ಹೊತ್ತುಕೊಂಡು ಹಳ್ಳಿ ತಿರುಗಿದ. ಜನರ ದೂರುಗಳನ್ನು ತಾನೇ ಕೇಳಿದ. ಭೂಮಾಪನದ ವಿದ್ಯೆಯನ್ನು ಸ್ವಂತವಾಗಿ ಕಲಿತು ಹೊಲಗಳನ್ನು ಅಳೆಯಿಸಿದ. ಕೃಷ್ಣೆ ಭೀಮೆಯರ ನಡುವಿನ ಈ ನಾಡಿನ ಪ್ರಾಚೀನ ಕಲ್ಗೋರಿಗಳನ್ನು ವಿದ್ವಾಂಸರ ಗಮನಕ್ಕೆ ತಂದವನೂ ಅವನೇ. ಇಂಥ ತಿರುಗಾಟವಿಲ್ಲದಿದ್ದರೆ ಅವು ಅವನ ಕಣ್ಣಿಗೆ ಬೀಳುತ್ತಿದ್ದವೇ? ಬಾಲರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಮಾತನ್ನು ಬಹಳ ಅಕ್ಕರೆಯಿಂದ ನೆನೆದಿದ್ದಾನೆ.

1853ರಲ್ಲಿ ಈ ಸಹವಾಸ ಮುಗಿಯಿತು. ರಾಜ ವಯಸ್ಸಿಗೆ ಬಂದಿದ್ದ. ಅಧಿಕಾರ ಅವನ ಕೈಸೇರಿತು. ಅದೇ ವರ್ಷ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲೊಂದಾದ ನಳದುರ್ಗಕ್ಕೆ, ಭೀಮೆಯ ಆಚೆಗೆ, ಟೇಲರನ ವರ್ಗವಾಯಿತು. 1857ರಲ್ಲಿ ಅಲ್ಲಿಂದಲೂ ದೂರದ ವರ್ಹಾಡದ ಬುಲ್ಡಾಣಕ್ಕೆ. ಸುರಪುರಕ್ಕೆ ಅವನು ಹೆಚ್ಚು ಬೇಕಾಗಿದ್ದ ವರ್ಷದಲ್ಲಿ ಅವನು ಅತ್ಯಂತ ದೂರದಲ್ಲಿದ್ದ.

ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿದಾಗ ರೆಸಿಡೆಂಟ್ ಡೇವಿಡ್‌ಸನ್ ತನ್ನ ಸಹಾಯಕ ಕ್ಯಾಪ್ಟನ್ ಕ್ಯಾಂಪ್‌ಬೆಲ್‌ನನ್ನು ರಾಜನ ಬಳಿಗೆ ಕಳಿಸಿದ. ಅಧಿಕಾರ ಅದೇ, ಮೊಹರೂ ಅದೇ. ಆದರೆ ಹನ್ನೆರಡು ವರ್ಷದ ಬಳಕೆಯನ್ನು ಒಂದು ಪತ್ರದ ಮೇಲೆ ಇನ್ನೊಬ್ಬನ ಹೆಸರಿಗೆ ಬರೆದುಕೊಡಲು ಬರುವುದಿಲ್ಲ. 1858ರ ಫೆಬ್ರವರಿಯಲ್ಲಿ ಕ್ಯಾಪ್ಟನ್ ವಿಂಡಮ್‌ನ ತುಕಡಿಯ ಮೇಲೆ ಸುರಪುರದವರು ರಾತ್ರಿ ಎರಗಿದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜ ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದ.

ಸೆರೆಮನೆಗೆ ಬಂದ ಟೇಲರನನ್ನು ರಾಜ ಮತ್ತೆ ‘ಅಪ್ಪಾ’ ಎಂದೇ ಅಪ್ಪಿಕೊಂಡನಂತೆ. ಮರಣದಂಡನೆ ಜೀವಾವಧಿಯಾಗಿ, ಗವರ್ನರ್ ಜನರಲನ ಕೈಯಲ್ಲಿ ಚೆಂಗಲ್ಪಟ್ಟಿನ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಎಂದೂ ಮುಖ ನೋಡದವನು ಕಡತದ ಮೇಲೆ ತೋರಿದ ದಯೆ ಅದು, ಸುಳ್ಳಲ್ಲ. ಆದರೆ ಚೆಂಗಲ್ಪಟ್ಟಿನ ದಾರಿಯಲ್ಲಿಯೇ, ಕಾವಲಿನ ಅಧಿಕಾರಿ ಇಟ್ಟುಹೋಗಿದ್ದ ರಿವಾಲ್ವರಿನಿಂದ ವೆಂಕಟಪ್ಪ ನಾಯಕ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಟೇಲರ್ ಅಂದು ಸುರಪುರದಲ್ಲಿ ಇದ್ದಿದ್ದರೆ ಈ ಅನಾಹುತ ತಪ್ಪುತ್ತಿತ್ತೆಂದು ಅವನ ಪುಸ್ತಕ ಓದಿದವರಿಗೆ ಅನ್ನಿಸುವುದು ಸಹಜ. ಹಿಂದೆ ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆ. ಈಗ ಅಷ್ಟು ಧೈರ್ಯವಿಲ್ಲ. ನಮ್ಮ ಕಡೆ ‘ಅಪ್ಪಾ’ ಎಂಬುದು ಹಡೆದವನಿಗೆ ಮಾತ್ರ ಮೀಸಲಲ್ಲ. ಮಠದ ಸ್ವಾಮಿಗಳೂ ಅಪ್ಪನವರೇ, ಊರಿನ ಹಿರಿಯನೂ ಅಪ್ಪನೇ, ಅಕ್ಕರೆ ಬಂದರೆ ಎತ್ತಿಕೊಂಡ ಮಗುವೂ ಅಪ್ಪನೇ. ಆ ಮಾತಿನಲ್ಲಿ ಪ್ರೀತಿ ಇತ್ತು, ಸಂದೇಹವಿಲ್ಲ. ಅಧೀನತೆಯೂ ಇತ್ತೆಂದು ಟೇಲರ್ ಭಾವಿಸಿದ್ದರೆ ಅದು ಅವನು ಸೇರಿಸಿಕೊಂಡ ಅರ್ಥ. ಅವನು ದಾರಿ ತಪ್ಪಿದ ಹುಡುಗನೆಂದು ಮರುಗಿದವನನ್ನು ಸುರಪುರದ ಜನ ಇಂದಿಗೂ ಬ್ರಿಟಿಷರ ವಿರುದ್ಧ ಕಾದಿದ ಅರಸನೆಂದು ನೆನೆಯುತ್ತಾರೆ. ಹನ್ನೆರಡು ವರ್ಷ ಒಂದೇ ಗುಡ್ಡದ ಮೇಲಿದ್ದ ಇಬ್ಬರಲ್ಲಿ ಒಬ್ಬನು ಆತ್ಮಕಥೆ ಬರೆದ. ಇನ್ನೊಬ್ಬನಿಗೆ ಅದನ್ನು ಬರೆಯುವ ವಯಸ್ಸೇ ಬರಲಿಲ್ಲ.